ಎಳೆತಕ್ಕೋ ಓಟಕ್ಕೋ

ಹೋದ ವರ್ಷ ಬಿಕ್ಕೋಡಿನ ಕಾಫಿ ತೋಟದ ಏರು ರಸ್ತೆಯನ್ನು ನಮ್ಮ ಕಾರು ಅರವತ್ತೆರಡು ಸೆಕೆಂಡಿನಲ್ಲಿ ಹತ್ತಿತು. ಗಡುವು ಒಂದು ನಿಮಿಷ. ಹೆಚ್ಚಾದ ಆ ಎರಡು ಸೆಕೆಂಡು ರಸ್ತೆಯ ಯಾವ ಭಾಗದಲ್ಲಿ ಹೋದವು ಎಂದು ಹುಡುಕುವುದರಲ್ಲೇ ನನಗೂ ಅಕ್ಕನಿಗೂ ನಮ್ಮ ಸೋದರಮಾವನಿಗೂ ಮುಂದಿನ ವರ್ಷದ ಬಹುಪಾಲು ಕಳೆಯಿತು.

ಆ ರಸ್ತೆ ಮುಕ್ಕಾಲು ಕಿಲೋಮೀಟರ್ ಉದ್ದವಿದೆ. ತೋಟದ ಕೆಳಗಿನ ಗೇಟಿನಲ್ಲಿ ಹೊರಟು ಮೇಲೆ ಕಾಫಿ ಒಣಗಿಸುವ ಕಣದ ಬಳಿ ಮುಗಿಯುತ್ತದೆ. ಕೊಯ್ಲು ಮುಗಿದ ಮೇಲೆ, ಕಾಫಿ ಗಿಡ ಅರಳಿಸುವ ಹೂಮಳೆ ಬರುವುದರೊಳಗೆ, ಒಂದು ಭಾನುವಾರ ತೋಟದ ಮಾಲೀಕರು ಅದನ್ನು ಹಳೆಯ ಕಾರುಗಳ ಒಂದು ಕ್ಲಬ್ಬಿಗೆ ಬಿಟ್ಟುಕೊಡುತ್ತಾರೆ. ಒಂದಾದ ಮೇಲೊಂದು ಕಾರು ಒಂಟಿಯಾಗಿ ಹತ್ತುತ್ತದೆ. ಪ್ರತಿಯೊಂದಕ್ಕೂ ಎರಡು ಸಲ ಅವಕಾಶ. ಬಹುಮಾನವೆಂದು ಹೇಳುವಂಥದ್ದೇನೂ ಇಲ್ಲ. ಆದರೆ ಸತತ ಎರಡು ವರ್ಷ ಒಂದು ನಿಮಿಷದೊಳಗೆ ಹತ್ತದ ಕಾರನ್ನು ಮೂರನೆಯ ವರ್ಷ ಕರೆಯುವುದಿಲ್ಲ. ಸೇರಬೇಕೆಂದು ಕಾಯುವವರು ಬಹಳ ಮಂದಿ ಇದ್ದಾರೆ. ಆದ್ದರಿಂದ ಈ ಸಲವೂ ತಪ್ಪಿದರೆ ಅಕ್ಕನಿಗೆ ಆ ರಸ್ತೆ ಅಲ್ಲಿಗೆ ಮುಗಿದಂತೆ.

ಅಕ್ಕ ಅಪ್ಪನ ತೆಂಗಿನಕಾಯಿ ವ್ಯಾಪಾರದ ಪಿಕಪ್ ಓಡಿಸುತ್ತಾಳೆ. ಹಾರನಹಳ್ಳಿ ಕಡೆಯ ತೋಟಗಳಿಂದ ಕಾಯಿ ತುಂಬಿಕೊಂಡು ಅರಸೀಕೆರೆಗೆ ತರುವುದು ಅವಳ ಕೆಲಸ. ಕಾಯಿ ತುಂಬಿದ ಗಾಡಿಯನ್ನು ಹೇಗೆ ಓಡಿಸಬೇಕೋ ಹಾಗೆ, ಹೊಂಡಕ್ಕೆ ಮೊದಲೇ ನಿಧಾನಿಸಿ, ತಿರುವಿನಲ್ಲಿ ಮೂಟೆ ಜರುಗದಂತೆ, ಬಹಳ ಹದವಾಗಿ ಓಡಿಸುತ್ತಾಳೆ. ಬೆನ್ನ ಹಿಂದೆ ಭಾರವಿಲ್ಲದೆ, ಯಾರಿಗೂ ಏನನ್ನೂ ತಲುಪಿಸದೆ ಅವಳು ಗಾಡಿ ಓಡಿಸುವುದು ವರ್ಷಕ್ಕೆ ಆ ಒಂದೇ ದಿನ. ಹೋದ ವರ್ಷ ಮನೆಗೆ ಬರುವಾಗ ಅವಳು, "ಇನ್ನೊಂದು ಸಲ ಐತಲ್ಲ ಕಣೇ," ಎಂದು ಎರಡು ಸಲ ಹೇಳಿದಳು. ಎರಡನೆಯ ಸಲ ಹೇಳಿದ್ದು ನನಗಲ್ಲ ಎಂದು ನನಗೆ ಗೊತ್ತಾಯಿತು.

ಕಾರು ಮಾವನದು. ಎರಡೇ ಸೀಟಿನ, ತಗ್ಗಾದ, ಮೇಲೆ ಸೂರಿಲ್ಲದ ಹಳೆಯ ಸ್ಪೋರ್ಟ್ಸ್ ಕಾರು. ಯಾವುದೋ ಕಾಲದಲ್ಲಿ ಒಬ್ಬ ಪ್ಲಾಂಟರ್ ಕಡಲಾಚೆಯ ಸೀಮೆಯಿಂದ ತರಿಸಿದ್ದಂತೆ. ಮಾವನ ಕೈಗೆ ಬರುವಷ್ಟರಲ್ಲಿ ಸೀಮೆಯದು ಎನ್ನಲು ಹೊರಗಿನ ತಗಡು ಮಾತ್ರ ಉಳಿದಿತ್ತು. ಎಂಜಿನ್, ಗೇರ್‌ಬಾಕ್ಸ್, ಹಿಂದಿನ ಅಚ್ಚು ಎಲ್ಲವನ್ನೂ ಯಾರೋ ಇಲ್ಲಿನ ಗಾಡಿಗಳಿಂದ ತೆಗೆದು ಕೂಡಿಸಿದ್ದರು. ಮಾವನಿಗೆ ಅರಸೀಕೆರೆಯಲ್ಲಿ ಲೇತು ಅಂಗಡಿ ಇದೆ. ಕಾಯಿ ಸುಲಿಯುವ ಯಂತ್ರದ ಬ್ಲೇಡು, ಎಣ್ಣೆ ಗಾಣದ ಶಾಫ್ಟು ಇಂಥವೇ ಅವನ ನಿತ್ಯದ ಕೆಲಸ. ಕಾರು ಅಂಗಡಿಯ ಹಿಂಭಾಗದಲ್ಲಿ ಗೋಣಿತಾಟು ಹೊದ್ದುಕೊಂಡು ನಿಂತಿರುತ್ತದೆ.

ನಾನು ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದೇನೆ. ದಿನಚರಿ ಬರೆಯುವ ಅಭ್ಯಾಸ ಹೈಸ್ಕೂಲಿನಿಂದ ಬಂದದ್ದು. ಅದರಲ್ಲಿ ಮನಸ್ಸಿನ ಮಾತಿಗಿಂತ ಲೆಕ್ಕವೇ ಹೆಚ್ಚು: ಮಳೆ ಬಂದ ದಿನ, ಬಸ್ಸು ತಪ್ಪಿದ ದಿನ, ಹಸು ಕೊಟ್ಟ ಹಾಲು. ಹೀಗಾಗಿ ಎರಡು ಸೆಕೆಂಡಿನ ಕೆಲಸ ತಾನಾಗಿ ನನ್ನ ಪಾಲಿಗೆ ಬಂತು. ಹೋದ ವರ್ಷ ಕಾರಿನಲ್ಲಿ ಫೋನು ಕಟ್ಟಿ ತೆಗೆದಿದ್ದ ವೀಡಿಯೊ ನೋಡಿ ರಸ್ತೆಯನ್ನು ನಾಲ್ಕು ತುಂಡು ಮಾಡಿದೆ. ಮೊದಲ ತುಂಡು ಚೆನ್ನಾಗಿತ್ತು. ಕೊನೆಯ ಎರಡೂ ತಕ್ಕಮಟ್ಟಿಗಿದ್ದವು. ಕೆಟ್ಟದ್ದು ಎರಡನೆಯದು. ಸಣ್ಣ ಮೋರಿಯ ಬಳಿ ರಸ್ತೆ ಕೈ ಮಡಚಿದಂತೆ ತಿರುಗುತ್ತದೆ. ಅಲ್ಲಿ ನಿಧಾನಿಸಿದ ಕಾರು ಮತ್ತೆ ಏಳುವುದಕ್ಕೇ ಒಲ್ಲೆ ಎನ್ನುತ್ತಿತ್ತು. ವೀಡಿಯೊದಲ್ಲಿ ಎಂಜಿನ್ ಉಸಿರುಕಟ್ಟಿ ಗುರುಗುಟ್ಟುವುದು ಸ್ಪಷ್ಟವಾಗಿ ಕೇಳುತ್ತದೆ. ಎರಡನೆಯ ಗೇರಿಗೆ ಆ ಏರು ಭಾರ, ಒಂದನೆಯದಕ್ಕೆ ಇಳಿಸಿದರೆ ಕ್ಷಣದಲ್ಲಿ ಎಂಜಿನ್ ಕಿರುಚುತ್ತದೆ.

"ಎಂಜಿನ್ ಬಿಚ್ಚನಾ?" ಎಂದ ಮಾವ. ಯಾವ ಕಾಯಿಲೆಗೂ ಅವನ ಮೊದಲ ಮದ್ದು ಅದೇ.

"ಎಂಜಿನ್ ಚೆನ್ನಾಗಿದೆ ಮಾವ. ಹಿಂದಿನ ಹೌಸಿಂಗ್ ಬದಲಾಯಿಸಬೇಕು."

ಹಿಂದಿನ ಎರಡು ಚಕ್ರಗಳ ನಡುವೆ ಕುಂಬಳಕಾಯಿಯ ಹಾಗೆ ಉಬ್ಬಿಕೊಂಡಿರುವ ಭಾಗವನ್ನು ಪುಸ್ತಕದಲ್ಲಿ ಡಿಫರೆನ್ಷಿಯಲ್ ಎನ್ನುತ್ತಾರೆ. ನಮ್ಮ ಕಡೆ ಅದು ಹೌಸಿಂಗ್. ಒಳಗೆ ಒಂದು ದೊಡ್ಡ ಹಲ್ಲಿನ ಚಕ್ರ, ಅದನ್ನು ತಿರುಗಿಸುವ ಒಂದು ಪುಟ್ಟ ಪಿನಿಯನ್. ನಮ್ಮ ಕಾರಿನ ದೊಡ್ಡ ಚಕ್ರಕ್ಕೆ ನಲವತ್ತೊಂದು ಹಲ್ಲು, ಪಿನಿಯನ್‌ಗೆ ಹತ್ತು. ಅಂದರೆ ಎಂಜಿನ್ ಕಡೆಯ ಶಾಫ್ಟು ನಾಲ್ಕು ಸುತ್ತು ಹಾಕಿ ಚೂರು ಮುಂದೆ ಹೋದಾಗ ಚಕ್ರ ಒಂದು ಸುತ್ತು ಮುಗಿಸುತ್ತದೆ. ಪಿನಿಯನ್‌ನ ಹಲ್ಲು ಕಡಿಮೆಯಾದರೆ ಅದೇ ಒಂದು ಸುತ್ತಿಗೆ ಎಂಜಿನ್ ಇನ್ನೂ ಹೆಚ್ಚು ಸುತ್ತಬೇಕು. ಆಗ ಚಕ್ರಕ್ಕೆ ಬಲ ಜಾಸ್ತಿ, ಗಾಡಿ ಬೇಗ ಮೇಲೇಳುತ್ತದೆ. ಆದರೆ ಪ್ರತಿ ಗೇರೂ ಬೇಗ ಮುಗಿದುಹೋಗುತ್ತದೆ. ಗೇರಿನ ಸೈಕಲ್ಲಿನಲ್ಲಿ ಹಿಂದೆ ದೊಡ್ಡ ಚಕ್ರಕ್ಕೆ ಚೈನು ಹಾಕಿದರೆ ಏರು ಸಲೀಸಾಗಿ, ಸಮತಟ್ಟಿನಲ್ಲಿ ಕಾಲು ಸುಮ್ಮನೆ ಗಿರಗಿರ ತಿರುಗುತ್ತದಲ್ಲ, ಅದೇ ನಿಯಮ.

ಇದನ್ನು ಅಕ್ಕನಿಗೆ ವಿವರಿಸಿದಾಗ ಅವಳು ಗಂಭೀರವಾಗಿ ಕೇಳಿಸಿಕೊಂಡು, "ಹಲ್ಲು ಕಮ್ಮಿ ಆದಷ್ಟೂ ಶಕ್ತಿ ಜಾಸ್ತಿನಾ? ಹಂಗಾದ್ರೆ ನಮ್ಮಜ್ಜಿ ಬಾಯಲ್ಲಿ ಇರೋದು ಎರಡು. ಲಾರಿಗೇ ಕಟ್ಟಬಹುದು," ಎಂದಳು.

ಈ ಜಾತಿಯ ಹೌಸಿಂಗಿಗೆ ಎಂಟು, ಒಂಬತ್ತು, ಹತ್ತು, ಹನ್ನೊಂದು ಹಲ್ಲಿನ ಪಿನಿಯನ್‌ಗಳು ಸಿಗುತ್ತವೆ. ಡಿಸೆಂಬರ್ ರಜೆಯಲ್ಲಿ ಕೂತು ನಾಲ್ಕಕ್ಕೂ ಲೆಕ್ಕ ಹಾಕಿದೆ. ಎರಡನೆಯ ಗೇರಿನಲ್ಲಿ ಎಂಜಿನ್ ಕಿರುಚುವವರೆಗೆ ಎಳೆದರೆ ಎಂಟರಲ್ಲಿ ಗಂಟೆಗೆ ಐವತ್ತೆಂಟು ಕಿಲೋಮೀಟರ್ ವೇಗಕ್ಕೆ ಗೇರು ಮುಗಿಯುತ್ತದೆ. ಒಂಬತ್ತರಲ್ಲಿ ಅರವತ್ತಾರು. ರಸ್ತೆಯ ಮೇಲ್ಭಾಗದಲ್ಲಿ ಒಂದು ಹಲಸಿನ ಮರದ ತಿರುವಿದೆ, ಅಲ್ಲಿಗೆ ಕಾರು ಅರವತ್ತೈದರಲ್ಲಿ ಬರುತ್ತದೆ. ಎಂಟು ಹಾಕಿದರೆ ಆ ತಿರುವಿಗೆ ಮುಂಚೆ ಮೂರನೆಯ ಗೇರಿಗೆ ಹೋಗಲೇಬೇಕು. ಮೋರಿಯ ಬಳಿ ಗಳಿಸಿದ್ದನ್ನು ಅಲ್ಲಿ ಕೈಯಾರೆ ಕಳೆದುಕೊಂಡಂತೆ. ಒಂಬತ್ತಾದರೆ ಎರಡನೆಯ ಗೇರಿನಲ್ಲೇ ತಿರುವು ದಾಟಬಹುದು. ನನ್ನ ಮಟ್ಟಿಗೆ ತೀರ್ಮಾನವಾಯಿತು. ಮಾವನಿಗೆ ಹೇಳಿದೆ. ಅವನು ತಲೆಯಾಡಿಸಿ ಬೇಲೂರಿನ ಹಳೆ ಸಾಮಾನಿನ ಅಂಗಡಿಗೆ ಫೋನು ಹಚ್ಚಿದ. ಬಿಕ್ಕೋಡು ಸುತ್ತಿನ ಎಸ್ಟೇಟ್ ಜೀಪುಗಳಿಗೆಲ್ಲ ಬಿಡಿಭಾಗ ಕೊಡುವುದು ಆ ಅಂಗಡಿಯೇ. ಲೇತಿನ ಪಕ್ಕದಲ್ಲಿ ಫೋನು ಸ್ಪೀಕರಿನಲ್ಲಿತ್ತು. ನಾನೂ ಅಲ್ಲೇ ನಿಂತಿದ್ದೆ.

"ಒಂದ್ ಹೌಸಿಂಗ್ ಬೇಕಿತ್ತಲ್ಲಪ್ಪ."

"ಐತೆ ಕಣಣ್ಣ. ಎಳ್ತಕ್ಕೋ, ಓಟಕ್ಕೋ?"

ಮಾವ ನನ್ನತ್ತ ನೋಡಿ ನಕ್ಕ. "ರೇಸ್ ಕಾರಿಗೆ ಕಣಯ್ಯ. ಎಳ್ತಕ್ಕೆ ಅಂತ ಅದೇನ್ ಗೊಬ್ಬರ ಹೊರತೈತಾ? ಓಟಕ್ಕೆ."

"ಹಂಗಾದ್ರೆ ಬಲೇ ಚೆನ್ನಾಗಿರೋದೊಂದೈತೆ. ನಾಳೆ ಬಸ್ಸಿಗೆ ಹಾಕ್ತೀನಿ."

ಮಾತು ಮುಗಿಯಿತು. ಹಲ್ಲಿನ ಸಂಖ್ಯೆಯನ್ನು ಇಬ್ಬರೂ ಎತ್ತಲಿಲ್ಲ. ಅದು ಉದಾಸೀನವಲ್ಲ, ಇಲ್ಲಿ ಯಾರೂ ಸಂಖ್ಯೆ ಹೇಳಿ ಹೌಸಿಂಗ್ ಕೇಳುವುದಿಲ್ಲ. ಕಾಫಿ ಮೂಟೆ, ಗೊಬ್ಬರ, ಆಳುಗಳನ್ನು ಹೊರುವ ಜೀಪಿನವರು ಎಳೆತದ್ದು ಕೇಳುತ್ತಾರೆ. ಹೆದ್ದಾರಿಯಲ್ಲಿ ಬಾಡಿಗೆ ಓಡಿಸುವವರು ಓಟದ್ದು ಕೇಳುತ್ತಾರೆ. ಗಾಡಿ ಏನು ಮಾಡುತ್ತದೆ ಎಂದು ಹೇಳಿದರೆ ಸಾಕು. ಎಳೆತ ಎಂದರೆ ಭಾರ, ಓಟ ಎಂದರೆ ವೇಗ. ಸ್ಪೋರ್ಟ್ಸ್ ಕಾರಿಗೆ ಎಳೆತದ ಹೌಸಿಂಗ್ ಕೇಳುವುದು ಮದುವೆ ಕುದುರೆಗೆ ನೇಗಿಲು ಕಟ್ಟಿದಂತೆ ಮಾವನಿಗೆ ತೋರಿತು. ಆ ಗಳಿಗೆಯಲ್ಲಿ ನನಗೂ ಏನೂ ತಪ್ಪು ಕಾಣಲಿಲ್ಲ. ಓಟ ಎಂಬ ಮಾತು ಅಷ್ಟು ಸರಿಯಾಗಿ ಕೇಳಿಸಿತ್ತು.

ಮಾರನೆಯ ದಿನ ಮಧ್ಯಾಹ್ನ ಬೇಲೂರಿನ ಬಸ್ಸಿನಲ್ಲಿ, ಗೋಣಿಚೀಲದಲ್ಲಿ ಸುತ್ತಿದ ಹೌಸಿಂಗ್ ಬಂತು. ಕಂಡಕ್ಟರ್, "ಏನ್ ಸ್ವಾಮಿ, ಇದ್ರೊಳಗೆ ರುಬ್ಬೋ ಗುಂಡೇನಾದ್ರೂ ಐತಾ?" ಎಂದು ಬೆನ್ನು ನೀವಿಕೊಂಡ. ಮಾವ ನಾನು ಬರುವವರೆಗೂ ಕಾಯದೆ ಜೋಡಿಸಿಬಿಟ್ಟ. ಶನಿವಾರ ಸಂಜೆ ಅಕ್ಕ ಹಾರನಹಳ್ಳಿಯವರೆಗೆ ಹೋಗಿ ಬಂದಳು. ಎಂಜಿನ್ ಆರಿಸಿ, ಇಳಿಯದೆ, ಸ್ಟೇರಿಂಗ್ ಮೇಲೆ ಕೈಯಿಟ್ಟುಕೊಂಡೇ ಕೂತಳು.

"ಹೆಂಗೈತವ್ವ?" ಎಂದ ಮಾವ.

"ಸ್ಪೀಡ್ ಹಿಡ್ದ್ಮೇಲೆ ಚೆನ್ನಾಗಿ ಓಡತ್ತೆ. ಹಿಡಿಯೋಕೇ ಬರಲ್ಲ. ಹೋದ ವರ್ಷಕ್ಕಿಂತ ಮಂಕಾಗೈತೆ ಮಾವ. ಕೆರೆ ಏರಿ ಹತ್ತೋವಾಗ ಒಂದ್ನೇ ಗೇರಿಗೆ ಬಂದೆ."

ಹೌಸಿಂಗ್ ಬಿಚ್ಚದೆ ಅನುಪಾತ ತಿಳಿಯುವ ಒಂದು ಸುಲಭದ ದಾರಿ ಇದೆ. ಗೇರನ್ನು ನ್ಯೂಟ್ರಲ್ಲಿಗೆ ತಂದು, ಹಿಂದಿನ ಒಂದು ಚಕ್ರವನ್ನು ನೆಲದ ಮೇಲೆ ಬಿಟ್ಟು, ಇನ್ನೊಂದನ್ನು ಜಾಕಿನಲ್ಲಿ ಎತ್ತಬೇಕು. ಎತ್ತಿದ ಚಕ್ರವನ್ನು ಎರಡು ಸುತ್ತು ತಿರುಗಿಸಿದಾಗ ನಡುವಿನ ಉದ್ದನೆಯ ಶಾಫ್ಟು ಎಷ್ಟು ಸುತ್ತುತ್ತದೆಯೋ ಅದೇ ಅನುಪಾತ. ಟೈರಿಗೊಂದು, ಶಾಫ್ಟಿಗೊಂದು ಸೀಮೆಸುಣ್ಣದ ಗೆರೆ ಎಳೆದೆ. ಮಾವ ಚಕ್ರ ತಿರುಗಿಸಿದ, ನಾನು ಕಾರಿನ ಕೆಳಗೆ ಮಲಗಿ ಎಣಿಸಿದೆ. ನಾಲ್ಕೂವರೆ ದಾಟಬೇಕಿತ್ತು. ನಾಲ್ಕೂ ತುಂಬಲಿಲ್ಲ.

"ಮಾವ, ಇದು ಹನ್ನೊಂದು."

"ಇನ್ನೊಂದ್ ಸಲ ಎಣಿಸು."

ಎಣಿಸಿದೆ. ಹನ್ನೊಂದೇ. ಅಂಗಡಿಯವರು ಒಂದಕ್ಷರ ಸುಳ್ಳು ಹೇಳಿರಲಿಲ್ಲ. ನಾವು ಕೇಳಿದ್ದು ಓಟ, ಅವರು ಕಳಿಸಿದ್ದು ಇದ್ದುದರಲ್ಲಿ ಅತಿ ಓಟದ್ದು. ಸ್ಪೋರ್ಟ್ಸ್ ಕಾರಿಗೆ ಆ ಏರಿನಲ್ಲಿ ಬೇಕಾದದ್ದು ಕಾಫಿ ಮೂಟೆಯ ಜೀಪಿಗೆ ಬೇಕಾದ ಗುಣವೇ ಎಂಬುದು ನಮ್ಮ ಬಾಯಲ್ಲಿರುವ ಎರಡು ಮಾತುಗಳಲ್ಲಿ ಎಲ್ಲೂ ಕೂರುತ್ತಿರಲಿಲ್ಲ.

ಮುಂದಿನ ಭಾನುವಾರ ಮೂವರೂ ಪಿಕಪ್ಪಿನಲ್ಲಿ ಬೇಲೂರಿಗೆ ಹೋದೆವು. ಅಂಗಡಿಯ ಮುಂದೆ ಹಳೆಯ ಅಚ್ಚುಗಳನ್ನು ಕಬ್ಬಿನ ಜಲ್ಲೆಗಳಂತೆ ಗೋಡೆಗೆ ಒರಗಿಸಿದ್ದರು. ಅಂಗಡಿಯವರು ನಲವತ್ತರ ಆಸುಪಾಸಿನವರು, ಮಾತಿನ ನಡುವೆ ತಾವೇ ಮೊದಲು ನಗುವವರು. ವಿಷಯ ಕೇಳಿ ಹಣೆ ಚಚ್ಚಿಕೊಂಡರು.

"ಅಲ್ಲ ಕಣಣ್ಣ, ಓಟ ಅಂದ್ರಿ, ಓಟ ಕೊಟ್ಟೆ. ಟ್ಯಾಕ್ಸಿಯೋರು ಇದನ್ನ ಕಣ್ಣಿಗೊತ್ಕೊಂಡು ತಗೊಂಡ್ ಹೋಯ್ತಾರೆ."

"ರೇಸ್‌ನೋರಿಗೆ ಎಳ್ತ ಬೇಕು ಅಂತ ನಂಗೇನ್ ಕನಸು ಬಿದ್ದಿತ್ತೇನಯ್ಯ? ನೀನಾದ್ರೂ ಕೇಳಬ್ಯಾಡ್ವಾ?"

"ನಾನ್ ಕೇಳಿದ್ನಲ್ಲ! ಎಳ್ತಕ್ಕೋ ಓಟಕ್ಕೋ ಅಂತ ಕೇಳಿದ್ನಲ್ಲ!"

ಇಬ್ಬರೂ ಸರಿ ಇದ್ದುದರಿಂದ ಜಗಳ ಬೇಗ ಬತ್ತಿತು. ಕಾಫಿ ತರಿಸಿದರು. ಹನ್ನೊಂದನ್ನು ವಾಪಸು ತೆಗೆದುಕೊಂಡು ಒಳಗಿನಿಂದ ಎರಡು ಹೌಸಿಂಗ್ ಎತ್ತಿ ತಂದು ಗೋಣಿಯ ಮೇಲಿಟ್ಟರು. ಒಂದು ಎಂಟು, ಒಂದು ಒಂಬತ್ತು. ಈ ಸಲ ಹಲ್ಲುಗಳನ್ನು ಎಲ್ಲರೂ ಎಣಿಸಿದೆವು.

"ಎಳ್ತ ಅಂದ್ಮೇಲೆ ಎಂಟೇ ಎಳ್ತ," ಎಂದರು ಅಂಗಡಿಯವರು. "ಇದನ್ನ ಹಾಕಿರೋ ಜೀಪು ಮೂಟೆ ಹೊತ್ಕೊಂಡು ಗೋಡೆ ಹತ್ತತ್ತೆ."

ಮಾವ ಒಂದು ವಾರದಿಂದ ನೊಂದಿದ್ದ. ಒಮ್ಮೆ ಓಟದ ಕಡೆ ಅತಿಯಾಗಿ ಹೋದವನಿಗೆ ಈಗ ಎಳೆತದ ಕಡೆ ಅಷ್ಟೇ ದೂರ ಹೋಗುವ ಆಸೆ. "ಎಂಟೇ ಹಾಕ್ಬುಡನ. ಮೋರಿ ಹತ್ರ ಕಲ್ಲು ಕವಣೆಯಿಂದ ಹಾರ್ದಂಗೆ ಹಾರಬೇಕು."

ನಾನು ನನ್ನ ಲೆಕ್ಕವನ್ನು ಮತ್ತೆ ಹೇಳಿದೆ. ಎಂಟರಲ್ಲಿ ಎರಡನೆಯ ಗೇರು ಎಲ್ಲಿ ಮುಗಿಯುತ್ತದೆ, ಒಂಬತ್ತರಲ್ಲಿ ಎಲ್ಲಿ ಮುಗಿಯುತ್ತದೆ. ಅಂಗಡಿಯವರು ನನ್ನನ್ನು ಮರುಕದಿಂದ ನೋಡಿದರು. "ತಂಗಿ, ಗೇರು ಮುಗುದ್ರೆ ಇನ್ನೊಂದ್ ಗೇರೈತೆ ಕಣವ್ವ, ಅದಕ್ಕೇ ನಾಕು ಕೊಟ್ಟಿರೋದು."

ಮಾವನೂ ಅವರೂ ನಕ್ಕರು. ನನಗೆ ಉತ್ತರ ಗೊತ್ತಿತ್ತು, ಆದರೆ ಅದು ಬರೀ ಸಂಖ್ಯೆಯಾಗಿತ್ತು. ಕಾಫಿ ಲೋಟ ಹಿಡಿದು ಕೂತಿದ್ದ ಅಕ್ಕ ಕೇಳಿದಳು: "ಎಂಟು ಹಾಕಿದ್ರೆ ಮೂರನೇ ಗೇರಿಗೆ ಹಾಕೋದು ಸರಿಯಾಗಿ ಎಲ್ಲಿ ಬರತ್ತೆ? ಮರಕ್ಕೆ ಎಷ್ಟು ಹಿಂದೆ?"

"ಮರಕ್ಕೆ ಹದಿನೈದು ಇಪ್ಪತ್ತು ಮೀಟರ್ ಇರೋವಾಗ."

ಅವಳು ಲೋಟ ಕೆಳಗಿಟ್ಟು, ಗಾಳಿಯಲ್ಲಿ ಸ್ಟೇರಿಂಗ್ ಹಿಡಿದಳು. ಎಡಗೈಯನ್ನು ಗೇರಿನ ಕಡೆಗೆ ಇಳಿಸಿ, ಬಲಗೈ ಒಂದರಲ್ಲೇ ತಿರುಗಿಸಿ ನೋಡಿದಳು. ಮತ್ತೆ ಎರಡೂ ಕೈ ಹಿಡಿದು ತಿರುಗಿಸಿದಳು.

"ಅಲ್ಲಿ ರಸ್ತೆ ಹೊರಗಡೆಗೆ ವಾಲಿದೆ ಮಾವ. ಎರಡೂ ಕೈ ಬೇಕು. ಒಂಬತ್ತು ಕೊಡಿ."

"ಎಂಟು ಕೊಡ್ತೀನಿ ಅಂದ್ರೂ ಬ್ಯಾಡ ಅಂತೀರಲ್ಲ," ಎಂದು ಅಂಗಡಿಯವರು ಗೋಣಿ ಸುತ್ತಲು ಎದ್ದರು. "ಅರಸೀಕೆರೆಯೋರು ಬಡಿಸಿದ್ರೂ ಕೈ ಅಡ್ಡ ಹಿಡಿಯೋ ಜನ."

ಮಾವ ಹಳೇಬೀಡು ದಾಟಿದ ಮೇಲೆ, "ಕೈ ವಿಷ್ಯ ಮೊದ್ಲೇ ಹೇಳೋದಲ್ವೇನೇ," ಎಂದಷ್ಟೇ ಅಂದ. ಆದರೆ ಒಂಬತ್ತನ್ನು ಕೂಡಿಸುವಾಗ ಅವನು ತೋರಿದ ತಾಳ್ಮೆಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಹಲ್ಲುಗಳಿಗೆ ಬಣ್ಣ ಬಳಿದು ತಿರುಗಿಸುವುದು, ಒಂದಕ್ಕೊಂದು ಎಲ್ಲಿ ತಾಗಿದೆ ಎಂದು ನೋಡುವುದು, ಕಾಗದದಷ್ಟು ತೆಳುವಾದ ತಗಡಿನ ಬಿಲ್ಲೆ ಒಂದನ್ನು ಸೇರಿಸುವುದು ಅಥವಾ ತೆಗೆಯುವುದು, ಮತ್ತೆ ಬಣ್ಣ. ಗುರುತು ಹಲ್ಲಿನ ನಟ್ಟನಡುವೆ ಬೀಳುವವರೆಗೂ ಬಿಡಲಿಲ್ಲ. ಆ ವಾರ ಬಂದ ಕಾಯಿ ಸುಲಿಯುವ ಯಂತ್ರಗಳೆಲ್ಲ ಬಾಗಿಲಲ್ಲಿ ಸಾಲಾಗಿ ನಿಂತಿದ್ದವು.

ಹೊಸದಾಗಿ ಕೂಡಿಸಿದ ಹಲ್ಲು ಹೊಂದಿಕೊಳ್ಳಲು ನಿಧಾನವಾಗಿ ಓಡಿಸಬೇಕು. ಫೆಬ್ರವರಿಯ ಭಾನುವಾರಗಳಲ್ಲಿ ಅಕ್ಕನೂ ನಾನೂ ಜಾವಗಲ್ ಮೇಲೆ ಹಳೇಬೀಡಿಗೆ ಹೋಗಿ ಬರುತ್ತಿದ್ದೆವು. ದೇವಸ್ಥಾನದ ಮುಂದೆ ನಿಲ್ಲಿಸಿದರೆ ಪ್ರವಾಸಿಗಳು ಕಾರಿಗೆ ಒರಗಿ ಫೋಟೊ ತೆಗೆಸಿಕೊಳ್ಳುತ್ತಿದ್ದರು. ಒಬ್ಬರು ಬಾಡಿಗೆ ಎಷ್ಟು ಎಂದೂ ಕೇಳಿದರು. ಕಾರು ಈಗ ಎಲ್ಲಿ ಆಕ್ಸಿಲರೇಟರ್ ಒತ್ತಿದರೂ ಏಳುತ್ತಿತ್ತು. ಹಂಪು ದಾಟಿದ ಕೂಡಲೇ ಬೆನ್ನಿಗೆ ಸೀಟು ಒತ್ತುತ್ತಿತ್ತು, ಅಕ್ಕ ಹಲ್ಲು ಕಾಣುವಂತೆ ನಗುತ್ತಿದ್ದಳು. ಹಳೇಬೀಡಿಗೆ ಎಷ್ಟು ಕಿಲೋಮೀಟರ್ ಎಂದು ನನಗೆ ಬಾಯಿಪಾಠ. ಮೊದಲ ಭಾನುವಾರವೇ ಕಾರಿನ ಮೀಟರು ನಾಲ್ಕು ಕಿಲೋಮೀಟರ್ ಹೆಚ್ಚು ತೋರಿಸಿತು. ಮಾದಿಹಳ್ಳಿಯ ಗೆಳತಿಯ ಮನೆ ಹುಡುಕುತ್ತ ಎರಡು ಸಲ ದಾರಿ ತಪ್ಪಿದ್ದೆವು. ಅದರದ್ದಿರಬೇಕು ಎಂದುಕೊಂಡೆ.

ಬಿಕ್ಕೋಡಿನ ಭಾನುವಾರ ಬಂತು. ಬೆಳಿಗ್ಗೆ ಮಂಜಿತ್ತು, ಹತ್ತು ಗಂಟೆಯ ಹೊತ್ತಿಗೆ ರಸ್ತೆ ಒಣಗಿತು. ಮಾವ ಕಾರಿನ ಮೂತಿಗೆ ಮೂರು ಬೆರಳಲ್ಲಿ ವಿಭೂತಿ ಎಳೆದು ಕಾಯಿ ಒಡೆದ. ನಾನು ಅಕ್ಕನಿಗೆ ಹೋದ ವರ್ಷದ ವೇಗಗಳನ್ನು ಇನ್ನೊಮ್ಮೆ ಓದಿ ಹೇಳಿದೆ: ಮೋರಿಗೆ ಇಷ್ಟು, ಹಲಸಿನ ಮರಕ್ಕೆ ಅರವತ್ತೈದು. ಅರವತ್ತೈದು ದಾಟಿದರೆ ಹಿಂಭಾಗ ಜಾರುತ್ತದೆ. ಹೋದ ವರ್ಷ ಜಾರಿತ್ತು.

ಅಕ್ಕ ಹೊರಟಳು. ಕೆಳಗಿನ ಗೇಟಿನಿಂದ ನಾವು ಕೇಳಿಸಿಕೊಳ್ಳಬಹುದಿತ್ತು, ನೋಡಲಾಗುತ್ತಿರಲಿಲ್ಲ. ಮೋರಿಯ ಬಳಿ ಕಾರು ಎದ್ದ ಸದ್ದು ಕೇಳಿ ಮಾವ ನನ್ನ ಭುಜ ಹಿಡಿದ. ಹೋದ ವರ್ಷದ ಗುರುಗುಟ್ಟು ಇರಲಿಲ್ಲ. ಸದ್ದು ಏರುತ್ತ ಏರುತ್ತ ಹೋಯಿತು. ಹಲಸಿನ ಮರದ ಹತ್ತಿರ ಥಟ್ಟನೆ ಕುಸಿಯಿತು. ಮತ್ತೆ ಏರಿತು. ಮೇಲಿನಿಂದ ವಾಕಿಟಾಕಿಯಲ್ಲಿ ಬಂದದ್ದು: ಅರವತ್ತು ಪಾಯಿಂಟ್ ಎಂಟು ಸೆಕೆಂಡು.

ಅಕ್ಕ ಹಿಂದಿನ ದಾರಿಯಲ್ಲಿ ಸುತ್ತಿ ಕೆಳಗೆ ಬಂದಾಗ ಅವಳ ಮುಖದಲ್ಲಿ ಸಿಟ್ಟಿಗಿಂತ ಗೊಂದಲವಿತ್ತು.

"ಮರದ ಹತ್ರ ಯಾಕೆ ಬಿಟ್ಟೆ?" ಎಂದೆ.

"ಬಿಡದೆ ಇನ್ನೇನ್ ಮಾಡ್ಲಿ? ಎಪ್ಪತ್ತೆರಡಿತ್ತು ಕಣೇ! ನೀನೇ ಅರವತ್ತೈದು ಅಂದಿದ್ದೆ. ಬ್ರೇಕ್ ಒತ್ತಿದೆ."

ಎಪ್ಪತ್ತೆರಡು ಸಾಧ್ಯವೇ ಇರಲಿಲ್ಲ. ಎರಡನೆಯ ಗೇರು ಅರವತ್ತಾರಕ್ಕೆ ಮುಗಿಯಬೇಕು. ಕಾರಿನ ಪಕ್ಕ ಕುಕ್ಕರಗಾಲಲ್ಲಿ ಕೂತು ಕೆಳಗೆ ನೋಡಿದೆ. ವೇಗದ ಮೀಟರಿನ ಕೇಬಲ್ಲು ಗೇರ್‌ಬಾಕ್ಸಿನಿಂದ ಹೊರಡುತ್ತದೆ. ಹೌಸಿಂಗಿಗಿಂತ ಮುಂಚೆಯೇ. ಹತ್ತರ ಪಿನಿಯನ್ ಇದ್ದಾಗ ಅದು ನಿಜ ಹೇಳುತ್ತಿತ್ತು. ಒಂಬತ್ತು ಹಾಕಿದ ದಿನದಿಂದ ಪ್ರತಿ ಒಂಬತ್ತನ್ನೂ ಹತ್ತು ಎಂದು ತೋರಿಸುತ್ತಿತ್ತು. ಹಳೇಬೀಡಿನ ದಾರಿಯ ನಾಲ್ಕು ಕಿಲೋಮೀಟರ್ ಗೆಳತಿಯ ಮನೆ ಹುಡುಕಿದ್ದಲ್ಲ. ಅಕ್ಕ ಮರದ ಹತ್ತಿರ ಬಂದಾಗ ಕಾರು ಹೋಗುತ್ತಿದ್ದದ್ದು ಸರಿಯಾಗಿ ಅರವತ್ತೈದರಲ್ಲೇ. ಹೌಸಿಂಗ್ ತನ್ನ ಕೆಲಸ ಮಾಡಿತ್ತು, ಅಕ್ಕ ತನ್ನದನ್ನು ಮಾಡಿದ್ದಳು. ನಡುವೆ ನನ್ನ ಹಳೆಯ ಸಂಖ್ಯೆ ಅಡ್ಡ ಬಂದಿತ್ತು.

ಹೇಗೋ ಅದನ್ನು ಅವಳಿಗೆ ಹೇಳಿದೆ.

"ಅಂದ್ರೆ ಮೀಟರು ಸುಳ್ಳು ಹೇಳ್ತೈತಾ?"

"ಸುಳ್ಳಲ್ಲ ಅಕ್ಕ. ಅದಕ್ಕೆ ಹಿಂದೆ ಹೌಸಿಂಗ್ ಬದಲಾಗಿರೋದು ಗೊತ್ತಿಲ್ಲ. ಇರು, ಹೊಸ ಲೆಕ್ಕ ಬರ್ಕೊಡ್ತೀನಿ. ಮೋರಿಗೆ..."

"ಬ್ಯಾಡ." ಅವಳು ಕೈ ಎತ್ತಿದಳು. "ಇನ್ನೊಂದು ನಂಬರ್ ತಲೇಲಿ ಹಾಕಿದ್ರೆ ನಾನು ಮರಕ್ಕೇ ಗುದ್ತೀನಿ."

ಮಾವನ ಅಂಗಿ ಜೇಬಿನಲ್ಲಿ ವಿಭೂತಿ ಗಟ್ಟಿ ಇತ್ತು. ಅದನ್ನು ಇಸಿದುಕೊಂಡು, ಬಾಟಲಿಯ ನೀರು ಚಿಮುಕಿಸಿ, ಅಂಗೈಯಲ್ಲಿ ತೇಯ್ದು, ಮೀಟರಿನ ಗಾಜಿಗೆ ದಪ್ಪವಾಗಿ ಬಳಿದುಬಿಟ್ಟಳು. ಮುಳ್ಳೂ ಕಾಣದು, ಅಂಕಿಯೂ ಕಾಣದು.

ಮಾವ ಒಂದು ಕ್ಷಣ ನೋಡಿ, "ಅದಕ್ಕೂ ದೀಕ್ಷೆ ಆಯ್ತಲ್ಲಪ್ಪ," ಎಂದ. "ಇನ್ಮೇಲೆ ಮಾತಾಡಲ್ಲ."

ಅಕ್ಕನ ಸರದಿ ಮತ್ತೆ ಬರಲು ಅರ್ಧ ಗಂಟೆ ಹಿಡಿಯಿತು. ಅವಳು ಅಷ್ಟು ಹೊತ್ತೂ ಕಣ್ಣು ಮುಚ್ಚಿ ಸೀಟಿನಲ್ಲಿ ಕೂತಿದ್ದಳು. ನಾನು ಹೇಳಬೇಕಾದದ್ದು ಒಂದೇ ಇತ್ತು, ಅದನ್ನು ಅವಳೇ ಹೇಳಿದಳು: "ಮೂರನೇ ಗೇರು ಬೇಡ, ಅಲ್ವಾ?"

"ಬೇಡ. ಎರಡರಲ್ಲೇ ಇರು. ಕಿರುಚಿದ್ರೂ ಇರು."

ಬಾವುಟ ಬಿತ್ತು. ಮೋರಿಯವರೆಗೆ ಮೊದಲಿನ ಹಾಗೆಯೇ. ಮೋರಿಯಲ್ಲಿ ಎದ್ದದ್ದು ಮೊದಲಿಗಿಂತ ಒಂದು ಗುಟುಕು ಬೇಗ. ಮಾವ ಕಣ್ಣು ಮುಚ್ಚಿ, ಲೇತಿನಲ್ಲಿ ಲೋಹ ಕೊರೆಯುವಾಗ ಕೇಳಿಸಿಕೊಳ್ಳುವಂತೆ ತಲೆ ಓರೆ ಮಾಡಿದ್ದ. ಸದ್ದು ಏರಿತು. ಏರಿ ಕಿರುಚಾಟವಾಯಿತು. ನನ್ನ ಲೆಕ್ಕದ ಪ್ರಕಾರ ಗೇರು ಇನ್ನು ಒಂದು ಕಿಲೋಮೀಟರ್ ವೇಗವನ್ನಷ್ಟೇ ತಾಳಬಲ್ಲದು. ಹಲಸಿನ ಮರ ಬರಬೇಕಾದ ಹೊತ್ತು ಬಂತು. ಸದ್ದು ಕುಸಿಯಲಿಲ್ಲ. ಒಂದೇ ಎತ್ತರದಲ್ಲಿ, ಬಾಗದೆ, ಮರದ ಆಚೆಗೆ ಹೋಯಿತು. ಟೈರು ಒಮ್ಮೆ ಚೀರಿದ್ದು ಕೇಳಿಸಿತು. ಆಮೇಲೆ ಗೇರು ಬದಲಾದ ತುಂಡು ಮೌನ, ಆಮೇಲೆ ಕಣದ ಕಡೆಯ ನೇರ ರಸ್ತೆಯ ಸದ್ದು.

ವಾಕಿಟಾಕಿ ಹಿಡಿದವರು ಬೇರೆ ಯಾರದ್ದೋ ಮಾತಿಗೆ ಉತ್ತರಿಸುತ್ತಿದ್ದರು. ಮಾವ ಅವರ ಮುಂದೆ ಹೋಗಿ ನಿಂತ. "ಸ್ವಲ್ಪ ನಮ್ದು ಹೇಳಿ ಸ್ವಾಮಿ."

"ಎರಡು ಸೀಟಿಂದಾ? ಐವತ್ತೊಂಬತ್ತು ಪಾಯಿಂಟ್ ಐದು."

ಮಾವ ಜೇಬಿನಿಂದ ಕರವಸ್ತ್ರ ತೆಗೆದು, ಮುಖ ಒರೆಸಿಕೊಳ್ಳುವುದನ್ನು ಮರೆತು, ಮಡಚಿ ಮತ್ತೆ ಜೇಬಿಗಿಟ್ಟ. ಅಕ್ಕ ಕೆಳಗೆ ಬಂದು ಇಳಿದಳು. ಎರಡೂ ಕೈಗಳನ್ನು ಮುಂದೆ ಚಾಚಿ ಅವನ್ನೇ ನೋಡುತ್ತ, "ಹಿಂದ್ಗಡೆ ಜಾರ್ತು ಕಣೇ," ಎಂದಳು. "ಎರಡೂ ಕೈ ಇತ್ತಲ್ಲ. ಹಿಡ್ಕೊಂಡೆ." ನಾನು ಸಮಯ ಹೇಳಿದೆ. ಅವಳು ಅದನ್ನು ಕೇಳಿ ಸುಮ್ಮನೆ ತಲೆಯಾಡಿಸಿದಳು. ಮೇಲೆ ಕಣದ ಹತ್ತಿರ ಯಾರೋ ಆಗಲೇ ಹೇಳಿದ್ದರೋ ಏನೋ. ಕ್ಲಬ್ಬಿನವರು ಬಂದು, ಮುಂದಿನ ವರ್ಷಕ್ಕೆ ಈಗಲೇ ಬರೆದುಕೊಳ್ಳಲೇ ಎಂದು ಕೇಳಿದರು. "ಬರ್ಕೊಳ್ಳಿ," ಎಂದಳು.

ಮಾವ ಪಿಕಪ್ಪಿನಲ್ಲಿ ಮುಂದೆ ಹೋದ. ನಾವಿಬ್ಬರೂ ಕಾರಿನಲ್ಲಿ ಬೇಲೂರಿನ ಮೇಲೆ ಹಿಂದಿರುಗಿದೆವು. ಆ ಕಿರುಚಾಟದ ನಂತರ ಹೌಸಿಂಗ್ ಒಂದು ಸಣ್ಣ ಕುಯ್ಯೆನ್ನುವ ರಾಗ ಹಿಡಿದಿತ್ತು. ಮನೆಗೆ ಹೋಗಿ ಬಿಚ್ಚಿ ನೋಡುವವರೆಗೆ ಮೆಲ್ಲಗೆ ಬನ್ನಿ ಎಂದು ಮಾವ ಹೇಳಿದ್ದ. ಅಕ್ಕ ಗಾಜನ್ನು ಒರೆಸಿ, ಮೀಟರು ಅರವತ್ತು ತೋರಿಸುವಂತೆ ಹಿಡಿದು ಓಡಿಸುತ್ತಿದ್ದಳು. ಅಂದರೆ ನಿಜದಲ್ಲಿ ಐವತ್ತನಾಲ್ಕು. ಸಂಜೆಯ ಬಿಸಿಲು ಎಡಗಡೆಯಿಂದ ಬೀಳುತ್ತಿತ್ತು, ಎಲ್ಲ ಗಾಡಿಗಳೂ ನಮ್ಮನ್ನು ದಾಟಿ ಹೋಗುತ್ತಿದ್ದವು.

ಹಳೇಬೀಡಿನ ಆಚೆ ಹುಲ್ಲು ಹೇರಿಕೊಂಡ ಒಂದು ಟೆಂಪೋ ಹಿಂದಿನಿಂದ ಹಾರ್ನ್ ಮಾಡುತ್ತ ಬಂತು. ನಮ್ಮ ಪಕ್ಕಕ್ಕೆ ಬಂದಾಗ ಡ್ರೈವರ್ ಕಾರಿನ ತಗ್ಗು ಮೂತಿಯನ್ನು, ಅಗಲದ ಟೈರುಗಳನ್ನು, ಮತ್ತೆ ನಮ್ಮಿಬ್ಬರನ್ನು ನೋಡಿ ವೇಗ ತಗ್ಗಿಸಿದ.

"ಏನಕ್ಕಾ, ಗಾಡಿ ಕೆಟ್ಟೈತಾ?"

"ಇಲ್ಲಣ್ಣ, ಚೆನ್ನಾಗೈತೆ. ನೀವು ಹೋಗಿ," ಎಂದಳು ಅಕ್ಕ. "ನಾವು ಮುಂದಿನ್ ವರ್ಷಕ್ಕೆ ಹೋಗ್ತಾ ಇದೀವಿ."

ಅವನಿಗೆ ಅದು ಅರ್ಥವಾದಂತೆ ಕಾಣಲಿಲ್ಲ. ನಕ್ಕು ಮುಂದೆ ಹೋದ. ಅಕ್ಕ ಎಡಕ್ಕೆ ಸರಿದು ಅವನಿಗೆ ದಾರಿ ಬಿಟ್ಟಳು. ಟೆಂಪೋದಿಂದ ಉದುರಿದ ಹುಲ್ಲು ನಮ್ಮ ತೆರೆದ ಕಾರಿನೊಳಗೆ, ಮಡಿಲಿಗೆ, ಅವಳ ಕೂದಲಿಗೆ ಬೀಳುತ್ತಿತ್ತು. ಅವಳು ಅದನ್ನು ಕೊಡವಲಿಲ್ಲ.